ಮನೆ ಇದೆ, ನೋಡಿಕೊಳ್ಳುವ ಕೈ ಬೇಕು: ಮೈಸೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಯಾದವಗಿರಿಯಲ್ಲಿ ನಲವತ್ತೊಂದು ವರ್ಷದಿಂದ ಇರುವವಳು. ನನಗೀಗ 73, ನಮ್ಮ ಯಜಮಾನರಿಗೆ 81. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಆರು ವರ್ಷವಾಯಿತು. ಮಹಡಿ ಹತ್ತಲಾಗದೆ ಹೋದ ಮೇಲೆ ಮಂಚವನ್ನು ಕೆಳಗಿನ ಹಾಲ್‌ಗೆ ತಂದು ಕಿಟಕಿ ಪಕ್ಕ ಹಾಕಿದೆವು. ದೇವರ ಮನೆಯ ಹಿತ್ತಾಳೆ ಗಂಟೆಯನ್ನು ಮಂಚದ ಸರಳಿಗೆ ಕಟ್ಟಿದ್ದೇನೆ, ಯಾಕೆಂದರೆ ಅವರ ದನಿ ಈಗ ಅಡುಗೆಮನೆಯವರೆಗೆ ಬರುವುದಿಲ್ಲ. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಗಂಟೆ ಸದ್ದಾಗುತ್ತದೆ. ಎದ್ದು ಹೋಗಿ ಮಗ್ಗುಲು ಬದಲಿಸುತ್ತೇನೆ. ಮಂಡಿನೋವು, ಸಕ್ಕರೆ ಕಾಯಿಲೆ ನನಗೂ ಇವೆ. ಮೇಲಿನ ಎರಡು ರೂಮುಗಳಿಗೆ ಬೀಗ ಹಾಕಿ ಮೂರು ವರ್ಷವಾಯಿತು.

ನಮ್ಮದೊಂದೇ ರಸ್ತೆಯಲ್ಲಿ ಹೀಗೆ ಬೀಗ ಬಿದ್ದ ಮಹಡಿಗಳು ಒಂಬತ್ತು, ಎಣಿಸಿದ್ದೇನೆ. ಕೆಳಗೆ ಒಬ್ಬರೋ ಇಬ್ಬರೋ ವಯಸ್ಸಾದವರು. ಮೈಸೂರನ್ನು ನಿವೃತ್ತರ ಸ್ವರ್ಗ ಎಂದು ಕರೆದು ಕರೆದು ನಮಗೆಲ್ಲ ಅದೇ ಅಭ್ಯಾಸವಾಗಿದೆ. ಅರವತ್ತರಿಂದ ಎಪ್ಪತ್ತರವರೆಗೆ ಆ ಮಾತು ನಿಜವೂ ಹೌದು. ಎಪ್ಪತ್ತೈದು ದಾಟಿ, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದ ದಿನ ಈ ಊರಿನಲ್ಲಿ ಯಾರನ್ನು ಕೇಳಬೇಕು ಎಂಬುದಕ್ಕೆ ಮಾತ್ರ ಉತ್ತರ ಸಿಗುವುದಿಲ್ಲ.

ಮಗ ಅಮೆರಿಕದಲ್ಲಿದ್ದಾನೆ, ಮಗಳು ಪುಣೆಯಲ್ಲಿದ್ದಾಳೆ. ಇಬ್ಬರೂ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಯಸ್ಸಾದವರ ಕಷ್ಟ ಎಂದ ಕೂಡಲೇ ಮಕ್ಕಳನ್ನು ಬೈಯುವುದು ರೂಢಿಯಾಗಿಬಿಟ್ಟಿದೆ. ಓದಿ ಮುಂದೆ ಬನ್ನಿ ಎಂದು ಕಳಿಸಿದವರು ನಾವೇ. ಮಗ ದಿನಾ ಫೋನ್ ಮಾಡುತ್ತಾನೆ, ದುಡ್ಡು ಕಳಿಸುತ್ತಾನೆ, ಇಬ್ಬರನ್ನೂ ಅಲ್ಲಿಗೇ ಬನ್ನಿ ಎನ್ನುತ್ತಾನೆ. ಯಜಮಾನರು ಒಪ್ಪುವುದಿಲ್ಲ. ಬೆಳಿಗ್ಗೆ ನಮ್ಮ ಆಕಾಶವಾಣಿಯ ಕನ್ನಡ ವಾರ್ತೆ ಕೇಳದೆ ಅವರಿಗೆ ಕಾಫಿ ಇಳಿಯದು. ಅವರ ಹಟ ನನಗೆ ಅರ್ಥವಾಗುತ್ತದೆ.

2007ರಲ್ಲಿ ಬಂದ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಕಳೆದ ಬೇಸಿಗೆಯಲ್ಲಿ ಕೂತು ಪೂರ್ತಿ ಓದಿದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತೊಂಬತ್ತು ದಿನದಲ್ಲಿ ತೀರ್ಮಾನವಾಗಬೇಕು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ಮೇಲ್ಮನವಿ ತಮ್ಮ ಮುಂದೆ ಬರುತ್ತದೆ. ಬೀದಿಗೆ ಬಿದ್ದ ತಂದೆತಾಯಿಗೆ ಈ ಕಾಯ್ದೆ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬರೆದಿರುವುದು ಬಿಟ್ಟುಹೋದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ದೂರವಿರುವ ಮಕ್ಕಳ ತಂದೆತಾಯಿ ಅದರಲ್ಲಿ ಎಲ್ಲಿದ್ದಾರೆ? ನಾನು ಯಾರ ಮೇಲೆ ಅರ್ಜಿ ಹಾಕಲಿ?

ನಮ್ಮ ಬಡಾವಣೆಯ ವಿವೇಕಾನಂದ ರಸ್ತೆಯಲ್ಲಿರುವ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆಯನ್ನು ತಾವು ನೋಡಿರುತ್ತೀರಿ. 1950ರ ದಶಕದ ಆರಂಭದಲ್ಲಿ ಅವರೇ ಆಸೆಪಟ್ಟು ಕಟ್ಟಿಸಿದ ಮನೆ ಅದು. ಬರೆಯಲೆಂದೇ ಮಹಡಿಯ ಮೇಲೆ ಸುತ್ತಲೂ ಕಿಟಕಿಯಿರುವ ಕೋಣೆ ಮಾಡಿಸಿಕೊಂಡಿದ್ದರು. ವಯಸ್ಸು ಮಾಗಿದ ಮೇಲೆ, 1990ರ ದಶಕದ ಆರಂಭದಲ್ಲಿ, ಅವರೂ ಇಲ್ಲಿಂದ ಹೊರಟು ಮಗಳ ಸಂಸಾರವಿದ್ದ ಚೆನ್ನೈ ಸೇರಿದರು, 2001ರಲ್ಲಿ ಅಲ್ಲೇ ತೀರಿಕೊಂಡರು. 2011ರಲ್ಲಿ ಮನೆ ಕೆಡವಲು ಶುರುಮಾಡಿದಾಗ ಊರೆಲ್ಲ ಎದ್ದು ಕೂತಿತು. ಸರ್ಕಾರ, ಪಾಲಿಕೆ ಮುಂದೆ ಬಂದವು, ದುಡ್ಡು ಹಾಕಿ ರಿಪೇರಿ ಮಾಡಿಸಿದವು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಆ ಕೆಲಸಕ್ಕೆ ನಾನೂ ಕೈಮುಗಿದಿದ್ದೇನೆ. ಗೋಡೆ ಉಳಿಸಲು ಅಷ್ಟು ಮನಸ್ಸು ಮಾಡಿದ ಊರು, ಗೋಡೆಯೊಳಗೆ ಇನ್ನೂ ಉಸಿರಾಡುತ್ತಿರುವವರಿಗಾಗಿ ಅದರ ಅರ್ಧದಷ್ಟಾದರೂ ಮನಸ್ಸು ಮಾಡಬೇಡವೇ?

ಎರಡು ವರ್ಷದ ಹಿಂದೆ ಒಂದು ಏಜೆನ್ಸಿ ಮೂಲಕ ಹೋಂ ನರ್ಸ್ ಗೊತ್ತುಮಾಡಿದೆವು. ಹೆಸರು ಬೇಡ, ಊರಲ್ಲಿ ಅಂಥವು ಬೇಕಾದಷ್ಟಿವೆ. ಎರಡು ತಿಂಗಳ ಮುಂಗಡ ಕಟ್ಟಿಸಿಕೊಂಡರು. ಮೂರು ತಿಂಗಳಲ್ಲಿ ಐದು ಜನ ಬದಲಾದರು. ನಾಲ್ಕನೆಯವನು ಇಪ್ಪತ್ತರ ಹುಡುಗ, ಪಾಪ, ಹಿಂದಿನ ವಾರದವರೆಗೆ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಮಂಚದಿಂದ ಎಬ್ಬಿಸುವಾಗ ಬೆನ್ನಿನ ಹಿಂದೆ ಕೈ ಕೊಡಬೇಕು, ಆತ ಎರಡೂ ಕೈ ಹಿಡಿದು ಎಳೆದ. ಯಜಮಾನರು ಮುಗ್ಗರಿಸಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಏಜೆನ್ಸಿಗೆ ಫೋನ್ ಮಾಡಿದರೆ ‘ಬೇರೆಯವರನ್ನ ಕಳಿಸ್ತೀವಿ ಮೇಡಂ’ ಎಂದರು, ಅಷ್ಟೇ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲಿ ದೂರು ಕೊಡಬೇಕೆಂದು ಮೂರು ಕಚೇರಿಗಳಲ್ಲಿ ವಿಚಾರಿಸಿದೆ. ಮೂರೂ ಕಡೆ ‘ಅದು ನಮಗೆ ಬರಲ್ಲ’ ಎಂದರು.

ಆಮೇಲೆ ಮಗಳು ಬಂದು ಊರಾಚೆಯ ಹಿರಿಯರ ವಸತಿಯೊಂದಕ್ಕೆ ಕರೆದೊಯ್ದಳು. ಚೊಕ್ಕವಾಗಿತ್ತು. ಮೆಟ್ಟಿಲಿನ ಬದಲು ಇಳಿಜಾರು, ಬಚ್ಚಲಿನಲ್ಲಿ ಹಿಡಿಕೆ, ತೋಟದಲ್ಲಿ ಕಲ್ಲುಬೆಂಚು. ಠೇವಣಿ ಲಕ್ಷಗಳಲ್ಲಿ. ಸಹಿ ಹಾಕುವ ಮೊದಲು ಅರ್ಜಿಯ ಹಿಂಬದಿಯನ್ನು ಓದಿದೆ. ವಾಸಿಯು ಹಾಸಿಗೆ ಹಿಡಿದಲ್ಲಿ ಮನೆಯವರು ಕರೆದೊಯ್ಯತಕ್ಕದ್ದು ಎಂದಿತ್ತು. ನಡೆದಾಡುವವರಿಗೆ ಮಾತ್ರ ಜಾಗ. ನಡೆಯಲಾಗದ ದಿನಕ್ಕಾಗಿಯೇ ಅಲ್ಲವೇ ನಾವು ಹೋಗಿದ್ದು? ಕೇಂದ್ರದ ವಸತಿ ಸಚಿವಾಲಯ ಇಂಥ ನಿವೃತ್ತಿ ವಸತಿಗಳಿಗಾಗಿ 2019ರಲ್ಲೇ ಮಾದರಿ ಮಾರ್ಗಸೂಚಿ ಹೊರಡಿಸಿತ್ತು. ಮಾದರಿ ಮಾದರಿಯಾಗಿಯೇ ಉಳಿದರೆ ನಮ್ಮಂಥವರಿಗೆ ಸಿಗುವುದು ಅರ್ಜಿಯ ಹಿಂಬದಿಯ ಸಣ್ಣಕ್ಷರ.

ಹೀಗೆ ಒಂದು ಕಡೆ ಬೀಗ ಬಿದ್ದ ಮಹಡಿಯ ಮನೆ, ಇನ್ನೊಂದು ಕಡೆ ವೃದ್ಧಾಶ್ರಮ. ನಡುವೆ ಏನೂ ಇಲ್ಲ. ಸ್ವಾಮಿ, ಆ ನಡುವಿನ ಜಾಗವನ್ನು ತುಂಬಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲನೆಯದು ಆರೈಕೆ ಮಾಡುವವರ ತರಬೇತಿ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಇಂಥ ತರಬೇತಿಗೆ ಅವಕಾಶವಿದೆ. ಕೆ.ಆರ್. ಆಸ್ಪತ್ರೆಯಂಥ ನೂರು ವರ್ಷದ ಆಸ್ಪತ್ರೆ ಇರುವ ಊರಿನಲ್ಲಿ ಎಬ್ಬಿಸುವುದು, ಕೂರಿಸುವುದು, ಬೆನ್ನು ಹುಣ್ಣಾಗದಂತೆ ಮಲಗಿಸುವುದು, ಮರೆವಿನವರೊಡನೆ ಮಾತಾಡುವುದು, ಇಷ್ಟನ್ನು ಹೇಳಿಕೊಡಲು ಜನವಿಲ್ಲವೇ? ಕಲಿತವರ ಪಟ್ಟಿ ಮಾಡಿಸಿ, ಪೊಲೀಸ್ ಪರಿಶೀಲನೆ ಮಾಡಿಸಿ, ಏಜೆನ್ಸಿಗಳೂ ನೋಂದಾಯಿಸಿಕೊಳ್ಳಲಿ. ದೂರು ಕೇಳಲು ಒಂದು ಮೇಜು, ಒಬ್ಬ ಗುಮಾಸ್ತರು ಸಾಕು. ಸಹಾಯವಾಣಿ 14567 ಇದೆ, ನಿಜ. ಫೋನ್ ಎತ್ತಿದವರು ಕಳಿಸಿಕೊಡಲು ಊರಿನಲ್ಲಿ ಜನ ಬೇಕಲ್ಲ.

ಎರಡನೆಯದು ಹಗಲಿನ ಆರೈಕೆ ಕೇಂದ್ರ. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವಂಥದ್ದು, ನಮ್ಮ ಬಡಾವಣೆಗೆ ಒಂದು, ಒಂಟಿಕೊಪ್ಪಲಿಗೆ ಒಂದು. ದಿನಕ್ಕೆ ಆರು ಗಂಟೆ ನನಗೆ ಬಿಡುವು ಸಿಕ್ಕರೆ ರಾತ್ರಿಯ ಗಂಟೆಗೆ ಇನ್ನೂ ಹತ್ತು ವರ್ಷ ನಾನು ಏಳಬಲ್ಲೆ. ಜಾಗವಿಲ್ಲ ಎಂದು ಮಾತ್ರ ಹೇಳಬೇಡಿ. ನಮ್ಮ ಮನೆಯ ಕೆಳಗಿನ ಹಾಲನ್ನೇ ಕೊಡಲು ನಾನು ತಯಾರಿದ್ದೇನೆ. ಬೀಗ ಹಾಕಿದ ಮೇಲಿನ ರೂಮುಗಳಲ್ಲಿ ಆರೈಕೆ ಮಾಡುವವರು ಬಾಡಿಗೆಯಿಲ್ಲದೆ ಇರಲಿ.

ಸಬ್ ರಿಜಿಸ್ಟ್ರಾರ್ ಕಚೇರಿಗಳ ಬಗ್ಗೆಯೂ ಒಂದು ಮಾತು. ಅದೇ 2007ರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದರೆ ವಾಪಸು ಪಡೆಯಬಹುದು. ಷರತ್ತು ಇದ್ದರಷ್ಟೇ ಆ ಕಲಮು ನೆರವಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಗೆ ಅದೇ ಕೋರ್ಟು ಆಸ್ತಿ ವಾಪಸು ಕೊಡಿಸಿದೆ. ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಇದನ್ನು ಆ ಹೊತ್ತಿನಲ್ಲಿ ಹೇಳುವವರು ಯಾರು? ಪ್ರತಿ ಕಚೇರಿಯಲ್ಲೂ ದೊಡ್ಡಕ್ಷರದ ಕನ್ನಡ ಬೋರ್ಡು ಹಾಕಿಸಿ.

ಕೊನೆಗೆ, ನನಗಲ್ಲದ ಒಂದು ಬೇಡಿಕೆ. ಈಗ ನಮ್ಮ ಮನೆಗೆ ಬರುವ ಹೆಣ್ಣುಮಗಳು ಹುಣಸೂರು ಕಡೆಯವಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗ ಬೆಂಗಳೂರಿನಲ್ಲಿ ಡ್ರೈವರ್, ಒಂದೇ ರೂಮಿನಲ್ಲಿ ನಾಲ್ಕು ಜನರ ಸಂಸಾರ. ಯಜಮಾನರನ್ನು ‘ಅಪ್ಪಾಜಿ’ ಎನ್ನುತ್ತಾಳೆ, ಗಂಜಿ ಕುಡಿಸುವಾಗ ತನ್ನ ಮೊಣಕೈಯನ್ನು ಅವರ ಬೆನ್ನಿಗೆ ಆನಿಸಿರುತ್ತಾಳೆ. ಯಾವ ತರಬೇತಿಯೂ ಇಲ್ಲದೆ ಕಲಿತ ಕೈ. ಮೊನ್ನೆ ಸೊಪ್ಪು ಬಿಡಿಸುತ್ತಾ ಕೇಳಿದಳು: ‘ಅಮ್ಮಾ, ನಂಗೆ ಕೈಲಾಗ್ದೆ ಹೋದ್ರೆ ನಾನ್ ಎಲ್ಲಿಗೋಗ್ಲಿ?’

ಅವಳಿಗೆ ಈಗ 59. ಅರವತ್ತಾದರೆ ತಿಂಗಳಿಗೆ 800 ರೂಪಾಯಿ ಪಿಂಚಣಿ, ಅರವತ್ತೈದಾದರೆ ಸಂಧ್ಯಾ ಸುರಕ್ಷೆಯ 1,200. ಅಷ್ಟರಲ್ಲಿ ಅವಳಿಗೆ ಯಾವ ವಸತಿಯೂ ಬಾಗಿಲು ತೆರೆಯುವುದಿಲ್ಲ. ಕಾಯ್ದೆಯ 19ನೇ ಕಲಮಿನಲ್ಲಿ ಇಂಥವರಿಗಾಗಿಯೇ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಎಂದು ಬರೆದಿದೆ. ಆದರೆ ಸರ್ಕಾರ ಅದನ್ನು ಸ್ಥಾಪಿಸ‘ಬಹುದು’ ಎಂದಿದೆ, ‘ತಕ್ಕದ್ದು’ ಎಂದಿಲ್ಲ. ಆ ಒಂದು ಪದದ ಸಂದಿನಲ್ಲಿ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಸೋರಿಹೋಗಿದೆ. ಬಹುದು ಎಂದಿರುವುದನ್ನು ಮಾಡಿತೋರಿಸಲು ತಮ್ಮನ್ನು ಯಾರೂ ತಡೆಯುವುದಿಲ್ಲ. 150 ಹಾಸಿಗೆಯ ಆ ಮನೆಗೆ ಮೈಸೂರಿನಲ್ಲಿ ಜಾಗ ಗುರುತಿಸಿ, ಹಾಸಿಗೆ ಹಿಡಿದವರನ್ನೂ ಅಲ್ಲಿ ಇರಿಸಿಕೊಳ್ಳಿ, ಈ ವರ್ಷವೇ ಕಡತ ಬರೆಸಿ.

ಒಂದು ಬೆಳಿಗ್ಗೆ ನಮ್ಮ ಮನೆಗೂ ಬನ್ನಿ. ಹತ್ತೂವರೆಗೆ ಅವಳು ಯಜಮಾನರನ್ನು ಎಬ್ಬಿಸಿ ಕಿಟಕಿ ಪಕ್ಕ ಕೂರಿಸುತ್ತಾಳೆ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಜಿಲ್ಲಾಧಿಕಾರಿಗಳನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇತಿ,
ಯಾದವಗಿರಿಯ ಒಬ್ಬ ಹಿರಿಯ ನಾಗರಿಕಳು