ಊರ ಮನೆಗೆ ಫೈಬರ್: ಕಂಬ ಹತ್ತುವವರು ಯಾರು?



ಮಳೆಗಾಲಕ್ಕೆ ಮುಂಚೆ ಊರ ಮನೆಯ ಹೆಂಚು ಕೈಯಾಡಿಸಲು ಹಣ ಕಳುಹಿಸುತ್ತಿದ್ದ ನಮ್ಮವರು ಈಗ ಇನ್ನೊಂದು ಬಾಬಿಗೂ ಹಣ ಕಳುಹಿಸುತ್ತಿದ್ದಾರೆ. ಅದು ಫೈಬರ್ ಇಂಟರ್‌ನೆಟ್. ಪಗಾರದ ತಕರಾರು, ಪಿ.ಎಫ್. ತಕರಾರು ಹೇಳಿಕೊಂಡು ಸಂಘದ ಕಚೇರಿಗೆ ಬಂದವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಊರಿಗೆ ಯಾವ ಕಂಪನಿಯ ಲೈನ್ ಹಾಕಿಸುವುದು ಒಳ್ಳೆಯದು?” ಎಂದು ಕೇಳುತ್ತಾರೆ. ಗಿರಣಿಯಿಂದ ನಿವೃತ್ತರಾಗಿ ಊರಿಗೆ ಹಿಂತಿರುಗಲಿರುವ ಹಿರಿಯರೂ ಕೇಳುತ್ತಾರೆ, ನಿನ್ನೆ ಮೊನ್ನೆ ಹೋಟೆಲು ಸೇರಿದ ಹುಡುಗರೂ ಕೇಳುತ್ತಾರೆ. ನಾವು ಎಂಜಿನಿಯರರಲ್ಲ. ಏಳನೆಯ ತರಗತಿ ಮುಗಿಸಿ ಮೇಜು ಒರೆಸಲು ಮುಂಬಯಿಗೆ ಬಂದವರು. ಆದರೂ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿರುವುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇವೆ.

ಎರಡು ವರ್ಷದ ಹಿಂದಿನ ಸಂಗತಿ. ನನ್ನ ಮನೆ ಕುಂದಾಪುರ ತಾಲೂಕಿನ ಒಳಭಾಗದಲ್ಲಿ, ಎರಡು ಗುಡ್ಡೆಗಳ ನಡುವಿನ ಬೈಲಿನಲ್ಲಿದೆ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ತಂಗಿಗೆ ಮನೆಯಲ್ಲೇ ಕುಳಿತು ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ನಾನು ಇಲ್ಲಿ ಖೋಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಜಾಹೀರಾತುಗಳನ್ನು ನೋಡಿ, ಎಲ್ಲಕ್ಕಿಂತ ಹೆಚ್ಚು ವೇಗ ಬರೆದಿದ್ದ ಕಂಪನಿಗೆ ಆರು ತಿಂಗಳ ಹಣ ಒಟ್ಟಿಗೆ ಕಟ್ಟಿಬಿಟ್ಟೆ. ಊರಲ್ಲಿ ಒಬ್ಬರನ್ನೂ ವಿಚಾರಿಸಲಿಲ್ಲ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಜೂನ್ ತಿಂಗಳ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿತ್ತು. ತಂಗಿ ಕೊಡೆ ಹಿಡಿದು ಗುಡ್ಡೆ ಹತ್ತಿ ಫೋನ್ ಮಾಡಿ, “ಪೆಟ್ಟಿಗೆಯಲ್ಲಿ ಕೆಂಪು ಲೈಟು ಮಿನುಕುತ್ತುಂಟು ಅಣ್ಣ” ಎಂದಳು. ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಕೊನೆಗೆ 48 ಗಂಟೆಯೊಳಗೆ ಸರಿಪಡಿಸುತ್ತೇವೆಂಬ ಉತ್ತರ. ಆಮೇಲೆ ತಿಳಿಯಿತು: ಆ ಭಾಗದ ಲೈನ್ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ, ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಲೈನ್ ಸರಿಯಾಗಲು 19 ದಿನ ಹಿಡಿಯಿತು. 12ನೆಯ ದಿನವೇ ಅಂಗಡಿಯವರು ಬೇರೆಯವರನ್ನು ನೇಮಿಸಿಕೊಂಡಿದ್ದರು. ತಿಂಗಳಿಗೆ 8 ಸಾವಿರ ರೂಪಾಯಿಯ ಕೆಲಸ ಹೋಯಿತು.

ಪಕ್ಕದ ಮನೆಯವರದು ಬೇರೆ ಲೈನ್, ವೇಗ ನಮ್ಮದಕ್ಕಿಂತ ಕಡಿಮೆ. ಅದೇ ಗಾಳಿಗೆ ಅದೂ ಕಡಿದಿತ್ತು. ಆದರೆ ಮರುದಿನವೇ ಅವರ ಕೇಬಲಿನ ಹುಡುಗ ಏಣಿ ತಂದು ಜೋಡಿಸಿ ಹೋಗಿದ್ದ.

ಆದುದರಿಂದ ಊರಿಗೆ ಲೈನ್ ಹಾಕಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ವೇಗ ಎಷ್ಟು ಎಂಬುದಲ್ಲ. ಕಡಿದರೆ ಕಂಬ ಹತ್ತುವವರು ಯಾರು, ಅವರು ಎಲ್ಲಿಂದ ಬರುತ್ತಾರೆ ಎಂಬುದು. ಫೈಬರ್ ತಂತಿಯೆಂದರೆ ಕೂದಲೆಳೆಯಷ್ಟು ಸಪುರದ ಗಾಜು. ಅದರೊಳಗೆ ಬೆಳಕು ಹರಿಯುತ್ತದೆ. ತಾಮ್ರದ ತಂತಿ ಕಡಿದರೆ ಹಲ್ಲಲ್ಲಿ ಸಿಪ್ಪೆ ಸುಲಿದು ತಿರುಚಿದರೂ ಕೆಲಸ ನಡೆಯುತ್ತಿತ್ತು; ಗಾಜನ್ನು ತಿರುಚಲಾಗದು. ಅದನ್ನು ಸರಿಯಾಗಿ ಬೆಸೆಯಲು ಸ್ಪ್ಲೈಸಿಂಗ್ ಯಂತ್ರ ಬೇಕು. ಆ ಯಂತ್ರ ನಿಮ್ಮೂರಿನ ಲೈನಿನವರ ಕೈಯಲ್ಲಿದೆಯೋ, 40 ಕಿಲೋಮೀಟರ್ ದೂರದ ಪೇಟೆಯಿಂದ ಬರಬೇಕೋ? ಇದೊಂದನ್ನು ವಿಚಾರಿಸಿದರೆ ಅರ್ಧ ಉತ್ತರ ಸಿಕ್ಕಿದಂತೆ. ತಂತಿ ಹಾದುಬರುವ ದಾರಿಯನ್ನೂ ನೋಡಬೇಕು. ತೋಟದ ನಡುವೆ ಬರುತ್ತದೋ, ರಸ್ತೆ ಬದಿಯಲ್ಲೋ, ಕಂಬಗಳು ಯಾರವು? ವಿದ್ಯುತ್ ಕಂಬಕ್ಕೆ ಅನುಮತಿಯಿಲ್ಲದೆ ಕಟ್ಟಿದ್ದರೆ ವಿದ್ಯುತ್ತಿನವರು ಬಿಚ್ಚಿಹಾಕಿದ ದಿನ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಕಂಪನಿಯ ಹೆಸರು ನೋಡಿ ತೀರ್ಮಾನಿಸುವುದು ಸಾಲದು. ಬಿ.ಎಸ್.ಎನ್.ಎಲ್. ಫೈಬರನ್ನೇ ತೆಗೆದುಕೊಳ್ಳಿ. ಅನೇಕ ಕಡೆ ಮನೆಗೆ ಲೈನ್ ಎಳೆದು ನೋಡಿಕೊಳ್ಳುವವರು ಆಯಾ ಊರಿನ ಪಾಲುದಾರರು. ತಿಂಗಳ ಬಾಡಿಗೆಯಲ್ಲಿ ಅವರಿಗೊಂದು ಪಾಲು. ಪಾಲುದಾರ ಚುರುಕಾಗಿದ್ದ ಊರಲ್ಲಿ ಅದೇ ಚಿನ್ನ, ಹೊಳೆ ದಾಟಿದ ಮೇಲಿನ ಊರಲ್ಲಿ ಅದೇ ಗೋಳು. ಪಂಚಾಯತಿಗೆ ಬಂದ ಲೈನಿನ ಕಥೆಯೂ ಹಾಗೆಯೇ. ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನೇ ಈಗ ಭಾರತ್‌ನೆಟ್ ಎನ್ನುತ್ತಾರೆ. ನಿಮ್ಮ ಪಂಚಾಯತಿ ಕಚೇರಿಯ ಗೋಡೆಗೆ ಪೆಟ್ಟಿಗೆ ಹೊಡೆದಿರಬಹುದು. ಅದರಲ್ಲಿ ಜೀವವಿದೆಯೇ, ಅಲ್ಲಿಂದ ಮನೆಗಳಿಗೆ ಲೈನ್ ಕೊಡುತ್ತಿದ್ದಾರೆಯೇ ಎಂಬುದನ್ನು ಅಲ್ಲಿಗೆ ಹೋಗಿಯೇ ಕೇಳಬೇಕು.

ಇನ್ನು ವೇಗದ ಮಾತು. ಮನೆಯವರ ಮುಖ ನೋಡಿ ಮಾತಾಡಲು ಒಂದೆರಡು ಎಂ.ಬಿ.ಪಿ.ಎಸ್. ಸಾಕು. ಸ್ಪಷ್ಟವಾಗಿ ಸಿನೆಮಾ ನೋಡಲು ಐದು. ನಾಲ್ಕೈದು ಜನರಿರುವ ಮನೆಗೆ 30 ಎಂ.ಬಿ.ಪಿ.ಎಸ್. ಧಾರಾಳ. 200, 300 ಎಂದು ಬರೆದಿರುವುದಕ್ಕೆ ಹೆಚ್ಚು ಹಣ ಕೊಟ್ಟರೂ ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ಅಡುಗೆಮನೆಗೆ ತಲುಪುವಾಗ ಉಳಿಯುವುದು ಸ್ವಲ್ಪವೇ. ಪೆಟ್ಟಿಗೆಯನ್ನು ಮನೆಯ ಮಧ್ಯೆ ಇಡಿಸುವುದು ಅದಕ್ಕಿಂತ ಅಗ್ಗದ ಉಪಾಯ. ‘ಅನ್‌ಲಿಮಿಟೆಡ್’ ಎಂಬ ಶಬ್ದದ ಮರ್ಮ ಹೋಟೆಲಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೂರನೆಯ ಸಲ ಅನ್ನ ಕೇಳಿದವರ ಮೇಜಿಗೆ ಬಡಿಸುವವನು ಎಷ್ಟು ಹೊತ್ತಿಗೆ ಬರುತ್ತಾನೆ? ಇಲ್ಲಿಯೂ ತಿಂಗಳಿಗೆ ಇಷ್ಟು ಜಿ.ಬಿ. ಎಂಬ ಮಿತಿಯಿದ್ದು, ದಾಟಿದ ಮೇಲೆ ವೇಗ ಇಳಿಸುತ್ತಾರೆ. ಎಷ್ಟಕ್ಕೆ ಇಳಿಯುತ್ತದೆ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಹೆಸರಿನಲ್ಲಿ ಫೈಬರ್ ಇದ್ದರೆ ಸಾಲದು ಎಂಬುದನ್ನೂ ಅರಿಯಬೇಕು. ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಆರಂಭಿಸಿದ ‘ಏರ್‌ಫೈಬರ್’ ತಂತಿಯಲ್ಲಿ ಬರುವುದಲ್ಲ, ಟವರಿನಿಂದ ಗಾಳಿಯಲ್ಲಿ ಬರುವುದು. ತಂತಿ ಎಳೆಯಲಾಗದ ಒಂಟಿ ಮನೆಗೆ ಅದು ಉಪಕಾರವೇ. ಆದರೆ ನಮ್ಮ ಬೈಲಿನಂಥ ಜಾಗದಲ್ಲಿ ಮಾಡಿನ ಮೇಲೆ ಸಿಗ್ನಲ್ ಅಳೆದು ತೋರಿಸದೆ ಹಣ ಕಟ್ಟಬಾರದು.

ಹಣ ಕಟ್ಟುವಾಗ ತಿಂಗಳಿಗೊಮ್ಮೆ ಕಟ್ಟುವುದೇ ಕ್ಷೇಮ. ಆರು ತಿಂಗಳಿಗೆ ಒಟ್ಟಿಗೆ ಕೊಟ್ಟರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ ನಿಜ. ಒಂದು ಮಳೆಗಾಲ ಕಳೆದ ನಂತರ ಬೇಕಾದರೆ ಆ ರಿಯಾಯಿತಿ ಪಡೆಯೋಣ. ಜಾಹೀರಾತಿನ 399 ರೂಪಾಯಿಗೆ ಶೇ. 18 ಜಿ.ಎಸ್.ಟಿ. ಸೇರಿದರೆ ಸುಮಾರು 471 ಆಗುತ್ತದೆ. ಪೆಟ್ಟಿಗೆ ಮಾರಿದ್ದೋ ಬಾಡಿಗೆಯೋ, ಠೇವಣಿ ವಾಪಸು ಬರುತ್ತದೋ ಎಂಬುದಕ್ಕೆ ರಸೀದಿ ಬೇಕು. ಕರೆಂಟು ಹೋದರೆ ಆ ಪೆಟ್ಟಿಗೆಯೂ ಆರುವುದರಿಂದ ಅದಕ್ಕೊಂದು ಸಣ್ಣ ಬ್ಯಾಟರಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು: ಹಣ ಕೊಡುವವರು ನಾವೆಂದು ಲೈನನ್ನು ನಮ್ಮ ಮುಂಬಯಿಯ ನಂಬರಿಗೆ ಮಾಡಿಸುತ್ತೇವೆ. ದೂರು ಕೊಡಲು ಬೇಕಾದ ಓ.ಟಿ.ಪಿ. ನಾವು ಭಟ್ಟಿಯ ಮುಂದೆ ನಿಂತಿರುವಾಗ ಕಿಸೆಯಲ್ಲಿ ಬಂದು ಬೀಳುತ್ತದೆ, ಊರಲ್ಲಿ ಅಮ್ಮ ಕಾಯುತ್ತ ಕೂರುತ್ತಾರೆ. ಮನೆಯಲ್ಲಿರುವವರ ಹೆಸರು, ಅವರ ನಂಬರೇ ಇರಲಿ.

ಲೈನಿನ ಹುಡುಗನ ಮೇಲೆ ರೇಗುವ ಮುಂಚೆ ಒಂದು ಮಾತು. ಅವನೂ ನಮ್ಮ ಹಾಗೆ ದುಡಿಯುವವನೇ. ಹೊಸ ಲೈನ್ ಹಾಕಿದರೆ ಇಷ್ಟು ಎಂದು ಹಣ ಸಿಗುತ್ತದೆ, ಕಡಿದುದನ್ನು ಜೋಡಿಸಿದರೆ ಪೆಟ್ರೋಲಿಗೂ ಸಾಲದು ಎಂದು ನಮ್ಮೂರ ಕಡೆಯ ಒಬ್ಬ ಹುಡುಗ ಹೇಳಿದ. ಮಳೆಯಲ್ಲಿ ಬೆಲ್ಟಿಲ್ಲದೆ ಕಂಬ ಹತ್ತುತ್ತಾನೆ. ಒಂಟಿ ಮನೆಗೆ ಅವನು ಬರದಿದ್ದರೆ ಆಶ್ಚರ್ಯವೇನು? ನೆರೆಕರೆಯ ಎಂಟು ಹತ್ತು ಮನೆಯವರು ಕೂಡಿ ಒಂದೇ ಲೈನ್ ತೆಗೆದುಕೊಂಡರೆ ಕಡಿದ ದಿನ ಹತ್ತು ದೂರು ಒಟ್ಟಿಗೆ ಹೋಗುತ್ತವೆ. ಅವನ ಹಿಂದಿರುವ ಗುತ್ತಿಗೆದಾರನೂ ಎಚ್ಚರಗೊಳ್ಳುತ್ತಾನೆ. ಲೈನ್ ಹಾಕಿಸುವ ಮುಂಚೆಯೇ ಹತ್ತು ಮನೆಯವರು ಸೇರಿ ಹೋದರೆ ಜೋಡಣೆಯ ಖರ್ಚನ್ನು ಇಳಿಸುವಂತೆಯೂ ಕೇಳಬಹುದು. ಪಗಾರ ಒಬ್ಬೊಬ್ಬರೇ ಹೋಗಿ ಕೇಳಿದಾಗ ಮಾಲಕರು ಏನೆನ್ನುತ್ತಿದ್ದರೆಂಬುದು ನಿಮಗೆ ಗೊತ್ತೇ ಇದೆ.

ಅಷ್ಟಾದರೂ ಲೈನ್ ಸರಿಯಾಗದಿದ್ದರೆ ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಗಳಲ್ಲಿ 2012ರ ನಿಯಮದಂತೆ ಮೇಲ್ಮನವಿ ಅಧಿಕಾರಿ ಇರಬೇಕು. ಹೇಳಿದ ಗಡುವು ಮೀರಿದ ಮೇಲೆ 30 ದಿನದೊಳಗೆ ಅವರಿಗೆ ಬರೆದರೆ 39 ದಿನದೊಳಗೆ ತೀರ್ಮಾನ ಕೊಡಬೇಕು; ಇದಕ್ಕೆ ಶುಲ್ಕವಿಲ್ಲ. ದೂರಿನ ನಂಬರಿಲ್ಲದೆ ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿ ನಡೆಯುವುದಿಲ್ಲ.

ಚೌತಿಗೆ ಊರಿಗೆ ಹೋಗುವವರು ತಮ್ಮೂರಲ್ಲಿ ಯಾವ ಯಾವ ಲೈನ್ ಇದೆ, ಈ ಮಳೆಗಾಲದಲ್ಲಿ ಎಷ್ಟು ಸಲ ಕಡಿಯಿತು, ಎಷ್ಟನೆಯ ದಿನಕ್ಕೆ ಜನ ಬಂದರು ಎಂಬುದನ್ನು ನೆರೆಮನೆಗಳಲ್ಲಿ ವಿಚಾರಿಸಿ, ಒಂದು ಕಾಗದದಲ್ಲಿ ಬರೆದು ತಂದು ಸಂಘದ ಕಚೇರಿಗೆ ಕೊಡಬೇಕಾಗಿ ವಿನಂತಿ. ಊರಿನ ಹೆಸರಿನೊಡನೆ ಅದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.