ಕಾರ್ಡ್ ಉಜ್ಜಿದರೆ ಶೇ 2: ಯಾರು ತೆರಬೇಕು?

ಕಳೆದ ತಿಂಗಳು ಪುಣೆಯಲ್ಲಿ ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 6,000 ರೂಪಾಯಿಯ ಮಿಕ್ಸರ್ ಕೊಂಡೆ. ಕ್ರೆಡಿಟ್ ಕಾರ್ಡ್ ತೆಗೆದಾಗ, ‘ದಾದಾ, ಕಾರ್ಡ್ ಆದರೆ ದೋನ್ ಟಕ್ಕಾ ಎಕ್ಸ್‌ಟ್ರಾ’ ಎಂದರು. 120 ರೂಪಾಯಿ! ವಾದ ಮಾಡಿ, ಕೊನೆಗೆ ಯುಪಿಐನಲ್ಲಿ ಕೊಟ್ಟು ಬಂದೆ.

ಮನೆಯಲ್ಲಿ ಲೆಕ್ಕ ಹಾಕಿದಾಗ ಸಿಟ್ಟು ಇಳಿಯಿತು. ಕ್ರೆಡಿಟ್ ಕಾರ್ಡ್ ಪಾವತಿಗೆ ಬ್ಯಾಂಕು ಅಂಗಡಿಯವರಿಂದ ಎಂಡಿಆರ್ ಎಂಬ ಶುಲ್ಕ ಮುರಿದುಕೊಳ್ಳುತ್ತದೆ. ಅದು ಶೇ 2 ಎಂದಿಟ್ಟುಕೊಂಡರೆ, ಶೇ 18 ಜಿಎಸ್‌ಟಿ ಸೇರಿ ನನ್ನ ಮಿಕ್ಸರ್ ಮೇಲೆ 141 ರೂಪಾಯಿ 60 ಪೈಸೆ. ನೂರಕ್ಕೆ ಐದಾರು ರೂಪಾಯಿ ಉಳಿಸಿಕೊಳ್ಳುವವರಿಗೆ ಇದು ಸಣ್ಣ ಮೊತ್ತವಲ್ಲ. ಯುಪಿಐ, ರುಪೇ ಡೆಬಿಟ್ ಕಾರ್ಡ್‌ಗಳಿಗೆ 2020ರ ಜನವರಿಯಿಂದ ಎಂಡಿಆರ್ ಇಲ್ಲ.

‘ಬೆಲೆಯಲ್ಲೇ ಸೇರಿಸಿಕೊಳ್ಳಲಿ’ ಎನ್ನುವವರಿದ್ದಾರೆ. ಆಗ ನೋಟು ಎಣಿಸಿ ಕೊಡುವ ನಮ್ಮ ಮನೆಗೆಲಸದವರೂ ನನ್ನ ರಿವಾರ್ಡ್ ಪಾಯಿಂಟ್‌ಗೆ ದುಡ್ಡು ಕಟ್ಟಿದಂತಾಗುತ್ತದೆ. ಅನುಕೂಲ ನನ್ನದಾದರೆ ಖರ್ಚೂ ನನ್ನದೇ ಆಗಬೇಕು.

ನನ್ನ ತಕರಾರು ಗುಟ್ಟಿನ ಬಗ್ಗೆ. ಡೆಬಿಟ್ ಕಾರ್ಡ್ ಶುಲ್ಕವನ್ನು ಗ್ರಾಹಕರಿಗೆ ದಾಟಿಸಬಾರದೆಂದು ಆರ್‌ಬಿಐ 2017ರಲ್ಲೇ ಹೇಳಿದೆ. ಕ್ರೆಡಿಟ್ ಕಾರ್ಡ್‌ನಲ್ಲೂ ಬ್ಯಾಂಕಿನ ಒಪ್ಪಂದಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಹಾಗಾಗಿ ವಸೂಲಿ ಬಾಯಿಮಾತಿನಲ್ಲೇ ನಡೆಯುತ್ತದೆ, ಬಿಲ್ಲಿನಲ್ಲಿ ಕಾಣುವುದಿಲ್ಲ. ಕೆಲವರು ಡೆಬಿಟ್ ಕಾರ್ಡಿಗೂ ಅದೇ ಶೇ 2 ಕೇಳುತ್ತಾರೆ, ಅದು ತಪ್ಪು.

ಸಣ್ಣ ಅಂಗಡಿಗಳು ಕ್ರೆಡಿಟ್ ಕಾರ್ಡಿಗೆ ನಿಜವಾಗಿ ತಗಲುವಷ್ಟನ್ನು ಮಾತ್ರ, ಬಾಗಿಲಲ್ಲೇ ಬೋರ್ಡ್ ಹಾಕಿ, ಬಿಲ್ಲಿನಲ್ಲಿ ತೋರಿಸಿ ಪಡೆಯಲು ನಿಯಮ ಅವಕಾಶ ಕೊಡಲಿ. ಅಲ್ಲಿಯವರೆಗೆ ನನ್ನ ಮಟ್ಟಿಗೆ ಹೀಗೆ: ಮಾಲ್‌ನಲ್ಲಿ ಕಾರ್ಡ್, ಬೀದಿಯ ಅಂಗಡಿಯಲ್ಲಿ ಯುಪಿಐ.