ಅಟ್ಟದ ಮೇಲಣ ಬೀಸಣಿಗೆ

ಈ ಸಲದ ಬೇಸಗೆಯು ಎಂತಹುದಾಗಿದ್ದಿತೆಂಬುದನ್ನು ವಾಚಕರಿಗೆ ನಾವು ವರ್ಣಿಸಿ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾವು, ನಮ್ಮ ಊರಿಗೆ ಪಂಖದ ಹಂಗೇ ಇಲ್ಲವೆಂದು ಬಹುಕಾಲ ಜಂಬ ಕೊಚ್ಚುತ್ತಿದ್ದವರು. ಚೈತ್ರಮಾಸದ ಒಂದು ಮಧ್ಯಾಹ್ನ ನಡುಮನೆಯ ತೂಗುಪಂಖವು ಒಮ್ಮೆ ಗುಂಯ್ ಎಂದು ನಿಂತುಬಿಟ್ಟಾಗ ಆ ಜಂಬವು ಒಂದು ಗಳಿಗೆಯಲ್ಲಿ ಇಳಿದುಹೋಯಿತು. ಮಗಳೂ ಎರಡೂವರೆ ವರ್ಷದ ಮೊಮ್ಮಗನೂ ರಜಕ್ಕೆಂದು ಬಂದಿದ್ದರು. ಮಗುವಿಗೆ ಬೆವರುಸಾಲೆಯೆದ್ದು ನಿದ್ರೆಯಿಲ್ಲ. ಮಗುವಿಗೆ ನಿದ್ರೆಯಿಲ್ಲದ ಮನೆಯಲ್ಲಿ ಮತ್ತಾರಿಗೂ ಇಲ್ಲವಷ್ಟೆ. ಆಗಲೇ ನಮಗೆ ಅಟ್ಟದ ಮೇಲಿದ್ದ ನಮ್ಮ ತೀರ್ಥರೂಪರವರ ಮೇಜಿನ ಪಂಖವು ನೆನಪಾದುದು.

ಅದನ್ನು ಅವರು 1971ರಲ್ಲಿ ಒಂದು ಹರಾಜಿನಲ್ಲಿ ಕೊಂಡು ತಂದರು. ಆಗಲೇ ಅದು ಹಳೆಯ ಪದಾರ್ಥ. ಎರಕದ ಕಬ್ಬಿಣದ ಕರಿಯ ಪೀಠ, ಹಿತ್ತಾಳೆಯ ನಾಲ್ಕು ರೆಕ್ಕೆ, ಮುಂದೆ ಹಿತ್ತಾಳೆಯ ತಂತಿಯ ಬಲೆ. ಎತ್ತಿದರೆ ಒಂದು ಒರಳುಗುಂಡಿನಷ್ಟು ಭಾರ. ಗುಮಾಸ್ತರಾಗಿದ್ದ ಅವರಿಗೆ ಅದರ ಬೆಲೆಯು ಅರ್ಧ ತಿಂಗಳ ಸಂಬಳವನ್ನು ನುಂಗಿತೆಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದುದು ನಮಗೆ ನೆನಪಿದೆ. ನಮ್ಮ ಮಾತೃಶ್ರೀಯವರು ಆ ವರ್ಷ ವಿಷಮಶೀತಜ್ವರದಿಂದ ಮೂರು ವಾರ ಮಲಗಿದ್ದರು. ಲಾವಂಚದ ಬೀಸಣಿಗೆಯನ್ನು ನೀರಿನಲ್ಲಿ ನೆನೆಸಿ ರಾತ್ರಿಯೆಲ್ಲ ಬೀಸಿ ಬೀಸಿ ತೀರ್ಥರೂಪರ ತೋಳು ಊದಿಕೊಂಡಿತ್ತು. ನಾಲ್ಕನೆಯ ದಿನ ಅವರು ಯಾರಿಗೂ ಹೇಳದೆ ಹೋಗಿ ಈ ಪಂಖವನ್ನು ಹೊತ್ತು ತಂದರು. ಆಗ ಆರು ವರ್ಷದವರಾಗಿದ್ದ ನಾವು ಅದರ ಮುಂದೆ ಕುಳಿತು ‘ಆ’ ಎಂದು ಕೂಗಿ, ನಮ್ಮ ದನಿಯು ನಡುಗುತ್ತ ಹಿಂದಿರುಗುವುದನ್ನು ಕೇಳಿ ಬೆರಗಾಗುತ್ತಿದ್ದೆವು.

ಬೀಸಣಿಗೆಯೆಂಬ ಮಾತು ಬಂದುದರಿಂದ ಪೂರ್ವಾಭ್ಯಾಸಬಲದಿಂದ ಎರಡು ಮಾತು ಹೇಳುವೆವು, ವಾಚಕರು ಸೈರಿಸಿಕೊಳ್ಳಬೇಕು. ಸಂಸ್ಕೃತದಲ್ಲಿ ಇದಕ್ಕೆ ವ್ಯಜನವೆಂದು ಹೆಸರು. ‘ಅಜ್’ ಎಂದರೆ ಅಟ್ಟು, ಓಡಿಸು. ಗಾಳಿಯನ್ನು ಅಟ್ಟುವುದು ವ್ಯಜನ. ಅಮರಕೋಶದಲ್ಲಿ ಇದರ ಜೊತೆಗೇ ತಾಲವೃಂತಕವೆಂಬ ಮಾತೂ ಇದೆ. ಅದು ತಾಳೆಯ ಗರಿ ಮತ್ತು ಅದರ ತೊಟ್ಟು, ಅಂದರೆ ನಮ್ಮ ಅಜ್ಜಿಯರ ಕೈಯಲ್ಲಿದ್ದ ಬೀಸಣಿಗೆಯೇ. ನಾವು ಹಿಂದುಸ್ತಾನಿಯಿಂದ ಎರವಲು ತಂದ ‘ಪಂಖ’ವಾದರೋ ‘ಪಕ್ಷ’ದ, ಎಂದರೆ ರೆಕ್ಕೆಯ, ವಂಶಕ್ಕೆ ಸೇರಿದ್ದು. ಹೆಸರುಗಳು ಇಷ್ಟು ಹಳೆಯವಾದರೂ ಕೈಯ ಶ್ರಮವು ತಪ್ಪಿದುದು ತೀರ ಈಚೆಗೆ. ಅಮೆರಿಕೆಯಲ್ಲಿ ಷೈಲರ್ ವೀಲರ್ ಎಂಬಾತನು 1882ರಲ್ಲಿ ಎರಡು ರೆಕ್ಕೆಯ ಮೇಜಿನ ವಿದ್ಯುತ್ಪಂಖವನ್ನು ಮಾಡಿದನು. ಸಿಂಗರ್ ಹೊಲಿಗೆಯಂತ್ರಕ್ಕೆ ಮೋಟಾರನ್ನು ರಚಿಸಿದ ಫಿಲಿಪ್ ಡೀಲ್ ಎಂಬಾತನು ಅದೇ ದಶಕದಲ್ಲಿ ಪಂಖವನ್ನು ಸೂರಿಗೆ ತೂಗುಹಾಕಿದನು. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅದುವರೆಗೆ, ಮತ್ತು ಅನೇಕ ಕಚೇರಿಗಳಲ್ಲಿ ಅದಾದ ಬಹುಕಾಲದವರೆಗೆ, ಹೊರಜಗಲಿಯಲ್ಲಿ ಕುಳಿತ ಬಡವನೊಬ್ಬನು ಹಗ್ಗವೆಳೆದರೆ ಒಳಗಿನ ದೊರೆಗೆ ಗಾಳಿ ಬರುತ್ತಿದ್ದಿತು.

ಇರಲಿ. ಅಟ್ಟದಿಂದಿಳಿಸಿದ ಪಂಖದ ಧೂಳನ್ನು ಒರಸಿ, ಹಳೆಯ ಹಗ್ಗದಂತಿದ್ದ ಅದರ ನೂಲುಹೊದಿಕೆಯ ತಂತಿಯನ್ನು ಗೋಡೆಗೆ ಸಿಕ್ಕಿಸಿ ಸ್ವಿಚ್ಚನ್ನು ಒತ್ತಿದೆವು. ಇದು ನಾವು ಮಾಡಿದ ಮೂರ್ಖತನವೆಂದು ಮೊದಲೇ ಒಪ್ಪಿಕೊಳ್ಳುವೆವು. ಪಂಖವು ನರಳುತ್ತ ತಿರುಗಲು ತೊಡಗಿತು. ನಾವು ಗೆದ್ದವರಂತೆ ಅದರ ಮುಖವನ್ನು ಮಗುವಿನ ಕಡೆಗೆ ತಿರುಗಿಸಲೆಂದು ಬಲೆಯನ್ನು ಹಿಡಿದೆವೋ ಇಲ್ಲವೋ, ಮೊಣಕೈವರೆಗೆ ಚೇಳು ಕುಟುಕಿದಂತಾಗಿ ಕೈಯು ಹಿಂದಕ್ಕೆ ಚಿಮ್ಮಿತು. ಬರಿಗಾಲು, ಆಗತಾನೆ ಒರಸಿದ್ದ ಒದ್ದೆ ನೆಲ. ಹೊಳೆಯುವ ರೆಕ್ಕೆಯನ್ನು ಕಂಡು ಮೊಮ್ಮಗನು ಚಾಚಿದ್ದ ಕೈಗೂ ಆ ಬಲೆಗೂ ನಡುವೆ ಎರಡು ಗೇಣು ಇದ್ದಿರಬಹುದು. ನಮ್ಮ ಗೃಹಿಣಿಯು ಮಗುವನ್ನು ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ. ಪಕ್ಕದಲ್ಲೇ ಇದ್ದ ಸ್ವಿಚ್ಚನ್ನು ಆರಿಸಿದಳು. ಆ ಕ್ಷಣದಲ್ಲಿ ಅದೇ ಸರಿಯಾದ ಕೆಲಸವೆಂದು ಈಗ ತೋರುತ್ತದೆ. ಆಗ ನಮಗೆ ಅದು ತೋಚಲೇ ಇಲ್ಲ.

ಮಗಳು, “ಅಪ್ಪ, ನಾಳೆ ಗುಜರಿಯವನಿಗೆ ಕೊಟ್ಟುಬಿಡಿ. ತಾತನ ನೆನಪಿಗೆ ಪಟ ಇದೆಯಲ್ಲ,” ಎಂದಳು. ಆ ಮಾತಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿದ್ದಿತು. ಆದುದರಿಂದ ನಾವು ಉತ್ತರ ಕೊಡಲಿಲ್ಲ. ಗುಜರಿಯವನು ಮರುದಿನ ಬಂದೂ ಬಂದ. ರೆಕ್ಕೆಯನ್ನೂ ಬಲೆಯನ್ನೂ ಬೆರಳಿನಿಂದ ತಟ್ಟಿ ನೋಡಿ, ಹಿತ್ತಾಳೆಗೆ ಒಂದು ದರ, ಕಬ್ಬಿಣಕ್ಕೆ ಒಂದು ದರ, ಒಳಗಿನ ತಾಮ್ರಕ್ಕೆ ಬೇರೊಂದು ದರವೆಂದು ಬಾಯಲ್ಲೇ ಲೆಕ್ಕ ಹೇಳಿದ. ಅವನು ತಕ್ಕಡಿಯನ್ನು ಬಿಚ್ಚುತ್ತಿದ್ದಾಗ ನಮ್ಮ ಗೃಹಿಣಿಯು ಒಳಗಿನಿಂದ, “ಅತ್ತೆಯವರ ಜ್ವರಕ್ಕೆ ತಂದದ್ದಲ್ಲವೆ ಅದು? ಯಾರಾದರೂ ಬಲ್ಲವರಿಗೆ ಒಂದು ಸಲ ತೋರಿಸಿ, ಆಮೇಲೆ ಕೊಡಿ,” ಎಂದಳು. ಗುಜರಿಯವನು ತಕ್ಕಡಿಯನ್ನು ಮತ್ತೆ ಸುತ್ತಿಕೊಂಡ.

ಬಲ್ಲವನು ನಮ್ಮ ಹಳೆಯ ಶಿಷ್ಯನೇ ಆಗಿದ್ದನು. ಮಾರುಕಟ್ಟೆಯ ಹಿಂದಣ ಗಲ್ಲಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಸಣ್ಣ ಅಂಗಡಿ ಅವನದು. ಎರಡು ವರ್ಷ ನಮ್ಮ ಕೈಯಲ್ಲಿ ಓದಿಯೂ ರಾಮಶಬ್ದವನ್ನು ತೃತೀಯಾವಿಭಕ್ತಿಯಿಂದ ಮುಂದಕ್ಕೆ ಒಯ್ಯಲಾರದೆ ಹೋದವನು. ಅದಕ್ಕಾಗಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದುದು ನಮಗೆ ನೆನಪಿದ್ದಿತು. ಅವನಿಗೂ ನೆನಪಿದ್ದಿತೆಂದು ಅವನ ನಗೆಯಿಂದ ತಿಳಿಯಿತು. “ಕೂತ್ಕೊಳ್ಳಿ ಮೇಷ್ಟ್ರೇ” ಎಂದು ಒಂದು ಮುಕ್ಕಾಲುಮಣೆಯನ್ನು ಒರಸಿ ಕೊಟ್ಟನು. ಅದಾದ ಮೇಲಣ ನಾಲ್ಕು ದಿನಗಳಲ್ಲಿ ಪಾಠ ಹೇಳಿದವನು ಅವನು, ಕೇಳಿದವರು ನಾವು.

ಅವನು ಮೊದಲು ಮಾಡಿದುದು ಪಂಖವನ್ನು ಬಿಚ್ಚುವುದಲ್ಲ, ಅದರ ಹಿಂದಿನ ಹಿತ್ತಾಳೆಯ ಫಲಕವನ್ನು ಓದುವುದು. ಎಷ್ಟು ವೋಲ್ಟು, ಏಕಮುಖವೋ ಪರ್ಯಾಯವೋ, ಸೆಕೆಂಡಿಗೆ ಎಷ್ಟು ಆವರ್ತ ಎಂಬುದೆಲ್ಲ ಅಲ್ಲಿರುತ್ತದೆ. ನಮ್ಮ ಮನೆಗಳಿಗೆ ಈಗ ಬರುವುದು 230 ವೋಲ್ಟಿನ, 50 ಆವರ್ತದ ಪರ್ಯಾಯ ಪ್ರವಾಹ. ಅಮೆರಿಕದಿಂದ ಬಂದ ಹಳೆಯ ಪಂಖಗಳು ಸಾಮಾನ್ಯವಾಗಿ 110 ವೋಲ್ಟಿನವು. ಅವನ್ನು ನಮ್ಮ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ಕಲ್ಕತ್ತೆಯ ಕೆಲವು ಭಾಗಗಳಲ್ಲಿ ಬಹುಕಾಲ ಏಕಮುಖ ಪ್ರವಾಹವೇ ಇದ್ದುದರಿಂದ ಅಲ್ಲಿಯ ಹಳೆಯ ಪಂಖಗಳೊಳಗೆ ಇಂಗಾಲದ ಬ್ರಷ್ಷುಗಳಿರುತ್ತವೆ. ಅವುಗಳ ಜಾತಿಯೇ ಬೇರೆ. ನಮ್ಮದು 230 ವೋಲ್ಟಿನ ಪರ್ಯಾಯ ಪ್ರವಾಹದ್ದೆಂದು ಗೊತ್ತಾಯಿತು.

ಬಳಿಕ ಮೆಗ್ಗರ್ ಎಂಬ ಉಪಕರಣವನ್ನು ತೆಗೆದನು. ಇದು 500 ವೋಲ್ಟಿನ ಒತ್ತಡವನ್ನು ಕೊಟ್ಟು, ಒಳಗಿನ ತಂತಿಯಿಂದ ಹೊರಗಿನ ಲೋಹಕ್ಕೆ ವಿದ್ಯುತ್ತು ಎಷ್ಟು ಸೋರುತ್ತದೆಂಬುದನ್ನು ತಿಳಿಸುವ ಸಾಧನ. ತಡೆಯು ಕಡೆಯಪಕ್ಷ ಒಂದು ಮೆಗಓಮ್, ಎಂದರೆ ಹತ್ತು ಲಕ್ಷ ಓಮ್, ಇರಬೇಕು. ನಮ್ಮ ಪಂಖದಲ್ಲಿ ಮುಳ್ಳು ಸೊನ್ನೆಯ ಹತ್ತಿರ ಬಿದ್ದಿತು. ಹಳೆಯ ತಂತಿಯ ನೂಲನ್ನು ಕತ್ತರಿಸಿ ತೋರಿಸಿದನು: ಒಳಗಿನ ರಬ್ಬರು ಒಣಗಿ, ಹುರಿದ ಅವಲಕ್ಕಿಯಂತೆ ಪುಡಿಯಾಗಿ ಉದುರಿತು; ಪೀಠದ ತೂತಿನ ಬಳಿ ಬೆತ್ತಲೆ ತಾಮ್ರವು ಕಬ್ಬಿಣಕ್ಕೆ ತಾಗುತ್ತಿದ್ದಿತು. ನಮಗೆ ತಗುಲಿದ ಪೆಟ್ಟಿನ ಮೂಲ ಅದೇ. “ಮನೆಯಲ್ಲಿ ಹೊಸ ಎಂಸಿಬಿ ಹಾಕಿಸಿದ್ದೇವಲ್ಲಪ್ಪ, ಅದೇಕೆ ಬೀಳಲಿಲ್ಲ?” ಎಂದು ಕೇಳಿದೆವು. ಅದು ಬೀಳಬೇಕಾದರೆ ಹಲವು ಆಂಪಿಯರ್ ಹರಿಯಬೇಕಂತೆ; ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೂ ಬೇಡವಂತೆ. ಸೋರಿಕೆಯನ್ನೇ ಕಂಡುಹಿಡಿದು ಪ್ರವಾಹವನ್ನು ಕಡಿಯುವ ಆರ್‌ಸಿಸಿಬಿ ಎಂಬ ಬೇರೆ ಸ್ವಿಚ್ಚಿದೆ; 30 ಮಿಲಿಆಂಪಿಯರಿನದನ್ನು ಹಾಕಿಸಬೇಕೆಂದನು. ನಾವು ಪಂಖಕ್ಕಿಂತ ಮೊದಲು ಅದನ್ನು ಹಾಕಿಸಿದೆವು. ಈ ಲೇಖನದಲ್ಲಿ ಮಿಕ್ಕುದನ್ನೆಲ್ಲ ಮರೆತರೂ ಗೃಹಸ್ಥರು ಇದೊಂದನ್ನು ಮರೆಯಬಾರದು.

ತಂತಿಯನ್ನು ತೆಗೆದ ಮೇಲೂ ಮುಳ್ಳು ಕಾಲು ಮೆಗಓಮಿನಲ್ಲೇ ನಿಂತಿತು. ಸುರುಳಿಯನ್ನು ಕಿತ್ತು ಹೊಸದಾಗಿ ಸುತ್ತಬೇಕೇನೋ ಎಂದುಕೊಂಡೆವು. ಅವನು ಒಪ್ಪಲಿಲ್ಲ. ವರ್ಷಗಟ್ಟಲೆ ಅಟ್ಟದಲ್ಲಿ ಮಳೆಗಾಲದ ತೇವ ಹೀರಿದೆ, ಮೊದಲು ಒಣಗಲಿ ಎಂದು, ಮೋಟಾರನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಹಳೆಯ ನಮೂನೆಯ ಬಲ್ಬೊಂದನ್ನು ಎರಡು ದಿನ ಉರಿಸಿದನು. ಮೂರನೆಯ ದಿನ ಮುಳ್ಳು ಇಪ್ಪತ್ತನ್ನು ದಾಟಿತು. ಅದರ ಮೇಲೆ ವಾರ್ನಿಷು ಬಳಿದು ಮತ್ತೆ ಒಣಗಿಸಿದನು. ಸುತ್ತಲೇಬೇಕಾದ ಪಂಖಗಳಿಗಾಗಿ ಅವನ ಬಳಿ ಒಂದು ದಪ್ಪ ನೋಟುಪುಸ್ತಕವಿದೆ; ಹಳೆಯ ಸುರುಳಿಯನ್ನು ಬಿಚ್ಚುವ ಮೊದಲು ಸುತ್ತುಗಳ ಎಣಿಕೆ, ತಂತಿಯ ಗೇಜು, ಸುತ್ತಿದ ದಿಕ್ಕು ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಾನೆ. ಬರಿದೇ ಕತ್ತರಿಸಿ ತೆಗೆದವನಿಗೆ ಆಮೇಲೆ ಗುರುವೂ ಇಲ್ಲ, ಗ್ರಂಥವೂ ಇಲ್ಲ. ಅಷ್ಟು ವರ್ಷಗಳ ಪುಟಗಳನ್ನು ಮಗುಚಿ ನೋಡುತ್ತ, ನಮ್ಮ ಬೆಂಚಿನ ಶಿಕ್ಷೆಯನ್ನು ನೆನೆದು ನಮಗೆ ಸ್ವಲ್ಪ ನಾಚಿಕೆಯಾಯಿತು.

ತಿರುಗುವ ಭಾಗಕ್ಕೆ ಯಾವ ತಂತಿಯೂ ಹೋಗದಿರುವುದನ್ನು ಕಂಡು, ಅದು ತಿರುಗುವುದು ಹೇಗೆಂದು ಕೇಳಿದೆವು. ಹೊರಸುರುಳಿಯ ಕಾಂತಶಕ್ತಿಯು ಒಳಗಿನ ತಾಮ್ರದ ಕಡ್ಡಿಗಳಲ್ಲಿ ತಾನೇ ಪ್ರವಾಹವನ್ನು ಹುಟ್ಟಿಸಿ ಎಳೆದುಕೊಳ್ಳುತ್ತದೆ. ಆದರೆ ಮನೆಯ ಒಂಟಿ ಪ್ರವಾಹದ ಕಾಂತಶಕ್ತಿಯು ಕಡೆಗೋಲಿನ ಹಗ್ಗದಂತೆ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆಯೇ ಹೊರತು ಒಂದೇ ಕಡೆಗೆ ತಿರುಗಿಸಲಾರದು. ಮೊದಲ ನೂಕನ್ನು ಬೇರೆ ಯಾವುದಾದರೂ ಕೊಡಬೇಕು. ನಮ್ಮ ಪಂಖದಲ್ಲಿ ಧ್ರುವಗಳ ಒಂದಂಚಿಗೆ ತೊಡಿಸಿದ ತಾಮ್ರದ ಉಂಗುರವು ಅಲ್ಲಿಯ ಕಾಂತಶಕ್ತಿಯನ್ನು ತುಸು ತಡಮಾಡಿಸಿ ಆ ನೂಕನ್ನು ಕೊಡುತ್ತದೆ. ಈಗಿನ ತೂಗುಪಂಖಗಳಲ್ಲಿ ಆ ಕೆಲಸ ಕೆಪಾಸಿಟರಿನದು. ಇಷ್ಟಾದ ಮೇಲೆ ನಮ್ಮ ನಡುಮನೆಯ ಪಂಖದ ಸಂಗತಿಯನ್ನು ಹೇಳಲು, ಗುಂಯ್ ಎಂದು ನಿಂತು, ಕೋಲಿನಿಂದ ತಳ್ಳಿದರೆ ತಿರುಗುವುದಾದರೆ ಕೆಪಾಸಿಟರೇ ಹೋಗಿದೆಯೆಂದು ಒಂದನ್ನು ಕೈಗಿತ್ತನು: 2.5 ಮೈಕ್ರೊಫ್ಯಾರಡ್, ಒಂದು ಹೊತ್ತಿನ ಕಾಫಿತಿಂಡಿಯ ಬೆಲೆ. ಇದಕ್ಕಾಗಿ ನಾವು ಅಟ್ಟ ಹತ್ತಿದುದು!

ಎಣ್ಣೆಯ ವಿಷಯದಲ್ಲಿ ನಮ್ಮ ತೀರ್ಥರೂಪರ ಮೇಲೆ ಒಂದು ಅಪವಾದ ಬಂದಿತು. ಅವರು ವರ್ಷಕ್ಕೊಮ್ಮೆ ಭಕ್ತಿಯಿಂದ ಹರಳೆಣ್ಣೆಯನ್ನು ಬಿಡುತ್ತಿದ್ದರು. ಅದು ಕಾಲಕ್ರಮದಲ್ಲಿ ಅಂಟಾಗಿ ಅಚ್ಚನ್ನು ಹಿಡಿದುಬಿಡುತ್ತದೆ. ಪಂಖವು ನರಳಿದುದು ಅದರಿಂದಲೇ. ಕೊಬ್ಬರಿಯೆಣ್ಣೆಯೂ ಸಲ್ಲದು, ಚಳಿಗೆ ಗಟ್ಟಿಯಾಗುತ್ತದೆ. ಸೀಮೆಎಣ್ಣೆಯಿಂದ ತೊಳೆದು ಒಣಗಿಸಿ, ಬೇರಿಂಗಿನ ಪಕ್ಕದ ಉಣ್ಣೆಯ ಬತ್ತಿಗೆ ತೆಳುವಾದ ಯಂತ್ರದ ಎಣ್ಣೆಯನ್ನು ಉಣಿಸಿದನು. ಹಿತ್ತಾಳೆಯ ಕೆಲಸವನ್ನು ನಮ್ಮ ಗೃಹಿಣಿಯು ವಹಿಸಿಕೊಂಡಳು. ರೆಕ್ಕೆಯನ್ನೂ ಬಲೆಯನ್ನೂ ಬಿಚ್ಚಿ ತಂದು, ಹುಣಿಸೆಹಣ್ಣಿನಿಂದ ದೇವರ ಪಾತ್ರೆಯಂತೆ ಬೆಳಗಿ, ತೊಳೆದು ಬಿಸಿಲಿಗಿಟ್ಟಳು. ಮೋಟಾರಿನ ಬಳಿಗೆ ಮಾತ್ರ ನೀರು ಹೋಗಕೂಡದು. ರೆಕ್ಕೆಯನ್ನು ಕೈಯಿಂದ ಒತ್ತಿ ನೇರಮಾಡಲು ಹೋಗಬಾರದೆಂದೂ ಅವನು ಎಚ್ಚರಿಸಿದ್ದನು. ಒಂದರ ಓರೆ ಕೊಂಚ ಬದಲಾದರೂ ಇಡೀ ಪಂಖವು ಅದುರುತ್ತದೆ. ಪೀಠದ ಕರಿಬಣ್ಣವನ್ನು ಉಜ್ಜಿ ತೆಗೆಯಲೂ ಬಿಡಲಿಲ್ಲ, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಅದರ ಧೂಳು ಮಕ್ಕಳಿರುವ ಮನೆಗೆ ವಿಷ. ಕೊನೆಗೆ ಮೂರೆಳೆಯ ಹೊಸ ತಂತಿಯನ್ನು ಹಾಕಿ, ಮೂರನೆಯದನ್ನು ಪೀಠದ ಲೋಹಕ್ಕೆ ತಿರುಪಿನಿಂದ ಬಿಗಿದು ನೆಲದ ಸಂಬಂಧ ಕೊಟ್ಟನು. ಹಳೆಯ ಪಂಖಕ್ಕೆ ಇದು ಹುಟ್ಟಿನಿಂದ ಇರಲಿಲ್ಲ.

ಇಷ್ಟೆಲ್ಲ ಆದರೂ ಅದು ಮಗುವಿನ ಕೋಣೆಗೆ ಹೋಗಲಿಲ್ಲ. ಬಲೆಯ ತಂತಿಗಳ ನಡುವೆ ನಮ್ಮ ಕೈಯೇ ತೂರುತ್ತದೆ, ಮಗುವಿನದನ್ನು ಕೇಳುವುದೇನು? ಅಲ್ಲದೆ, ಅಚ್ಚು ಹಿಡಿದು ನಿಂತರೆ ಸುರುಳಿ ಕಾಯುತ್ತ ಹೋಗುತ್ತದೆ. ಹೊಸ ಪಂಖಗಳಲ್ಲಿ ಆಗ ಕಡಿದುಹೋಗುವ ಫ್ಯೂಸು ಒಳಗಡೆಯೇ ಇರುವುದುಂಟು, ಇದರಲ್ಲಿಲ್ಲ. ಆದುದರಿಂದ ನಿದ್ರಿಸುವಾಗ ಇದನ್ನು ಹಾಕತಕ್ಕದ್ದಲ್ಲ. ಪಂಖವು ಕೋಣೆಯನ್ನು ತಂಪುಮಾಡುವುದಿಲ್ಲ, ಮೈಯ ಬೆವರನ್ನು ಆರಿಸಿ ನಮ್ಮನ್ನು ತಂಪುಮಾಡುತ್ತದೆ. ಆಳಿಲ್ಲದ ಕೋಣೆಯಲ್ಲಿ ತಿರುಗುವ ಪಂಖದಿಂದ ಗೋಡೆಗಳಿಗೇನೂ ಸುಖವಿಲ್ಲ. ವಿದ್ಯುತ್ತನ್ನು ಉಳಿಸಬೇಕೆಂಬವರು ಹಳೆಯದನ್ನು ನೆಚ್ಚಬಾರದು. ಸಾಮಾನ್ಯ ತೂಗುಪಂಖವು ಸುಮಾರು 75 ವಾಟ್ ತಿನ್ನುವಲ್ಲಿ ಈಗಿನ ಬಿಎಲ್‌ಡಿಸಿ ಪಂಖವು 30ರ ಆಸುಪಾಸಿನಲ್ಲೇ ತೃಪ್ತಿಹೊಂದುತ್ತದೆ. ಮಗಳು ಊರಿಗೆ ಹೊರಡುವ ಮೊದಲು ಒಮ್ಮೆ ಬೆರಳಿನ ಹಿಂಬದಿಯಿಂದ ಪೀಠವನ್ನು ಮುಟ್ಟಿ ನೋಡಿ, “ಎತ್ತರದಲ್ಲಿಡಿ ಅಪ್ಪ” ಎಂದಷ್ಟೇ ಹೇಳಿದಳು.

ಈಗ ಅದು ನಮ್ಮ ಓದುವ ಕೋಣೆಯಲ್ಲಿ, ಪುಸ್ತಕದ ಬೀರುವಿನ ಮೇಲಿದೆ. ಇದನ್ನು ಬರೆಯುತ್ತಿರುವಾಗಲೂ ತಿರುಗುತ್ತಿದೆ. ಹಾಳೆಗಳು ಹಾರದಂತೆ ಅಮರಕೋಶವನ್ನೇ ಹೇರಿದ್ದೇವೆ. ಶಿಷ್ಯನು ಸಾಮಾನಿನ ಬೆಲೆಯನ್ನು ಮಾತ್ರ ತೆಗೆದುಕೊಂಡನು, ಕೂಲಿಯನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಪೀಠಕ್ಕೆ ಒಂದು ರಟ್ಟಿನ ಚೀಟಿಯನ್ನು ದಾರದಿಂದ ಕಟ್ಟಿ ಕಳುಹಿಸಿದ್ದಾನೆ. ಅದರಲ್ಲಿ ಅವನ ಕೈಬರಹದಲ್ಲಿ ‘ಮುಂದಿನ ಎಣ್ಣೆ ದಿಪಾವಳಿಗೆ’ ಎಂದಿದೆ. ದೀರ್ಘವನ್ನು ಬಿಟ್ಟಿದ್ದಾನೆ, ನಾವು ತಿದ್ದಿಲ್ಲ.